ತಾರುಣ್ಯದ ಗಾಯಕಾರಾಧನೆಯೂ ಸೃಷ್ಟಿಕಾರ್ಯವೂ

ಪ್ರಶ್ನೆಯ ಸ್ವರೂಪ

ಗದಗಿನಲ್ಲಿ ಶಾಲಾಮಾಸ್ತರರಾಗಿದ್ದ ಗುರುರಾಜ ಜೋಶಿಯವರ ಮಗನು ಅಂಗಡಿಯೊಂದರ ಗ್ರಾಮೊಫೋನಿನಲ್ಲಿ ಅಬ್ದುಲ್ ಕರೀಮ್ ಖಾನರ ಝಿಂಝೋಟಿ ರಾಗದ ಠುಮರಿಯನ್ನು ಕೇಳಿ, ತಾನೂ ಹಾಗೆಯೇ ಹಾಡಬೇಕೆಂಬ ಹಂಬಲವನ್ನು ತಡೆಯಲಾರದೆ, 1933ರಲ್ಲಿ, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆಬಿಟ್ಟು ಹೊರಟ ಸಂಗತಿಯು ಸಂಗೀತಪ್ರಿಯರಾದ ಕನ್ನಡಿಗರೆಲ್ಲರಿಗೂ ತಿಳಿದಿದೆ. ಆ ಬಾಲಕನೇ ಮುಂದೆ ಭೀಮಸೇನ ಜೋಶಿಯವರಾದುದರಿಂದ ಈ ವೃತ್ತಾಂತವು ನಮಗೆ ಸಹಜವೆಂಬಂತೆ ತೋರುತ್ತದೆ. ಅದೇ ಧ್ವನಿಮುದ್ರಿಕೆಯನ್ನು ಕೇಳಿ ತಲೆದೂಗಿ ಎಂದಿನಂತೆ ಮನೆಗೆ ಮರಳಿದ ಕಿವಿಗಳು ನಾಡಿನಲ್ಲಿ ಎಷ್ಟೋ ಇದ್ದಿರಬೇಕೆಂಬುದನ್ನು ನೆನೆದಾಗ ಮಾತ್ರ ಇದರಲ್ಲಿ ಅಡಗಿರುವ ಪ್ರಶ್ನೆಯ ಆಳವು ಗೋಚರವಾಗುತ್ತದೆ.

ಪ್ರಸಿದ್ಧ ಗಾಯಕನ ಅಥವಾ ಗಾಯಕಿಯ ಮೇಲೆ ಎಳವೆಯಲ್ಲಿ ಹುಟ್ಟುವ ಅಭಿಮಾನವು ಹಲವರಲ್ಲಿ ಕೆಲವು ಕಾಲ ಉರಿದು ತಣ್ಣಗಾಗುವುದೂ, ಕೆಲವರಲ್ಲಿ ಜೀವಮಾನದ ರಸಿಕತೆಯಾಗಿ ನೆಲೆಸುವುದೂ, ಅತ್ಯಲ್ಪ ಜನರಲ್ಲಿ ಮಾತ್ರ ಹೊಸ ಗಾಯನಕ್ಕೋ ಕಾವ್ಯಕ್ಕೋ ಕಥೆಗೋ ಜನ್ಮಕೊಡುವುದೂ ಏಕೆ? ಆರಾಧನೆಯೇ ಸೃಷ್ಟಿಯ ಕಾರಣವೋ, ಅಥವಾ ಮೊದಲೇ ಇದ್ದ ಶಕ್ತಿಗೆ ಅದು ಕೇವಲ ನಿಮಿತ್ತವೋ? ಆರಾಧ್ಯನ ಸಾಮೀಪ್ಯವು ಸಾಧಕನಿಗೆ ನೆರವಾಗುವುದೋ, ದೂರವೇ ನೆರವಾಗುವುದೋ? ಅನುಕರಣವು ಎಲ್ಲಿ ಮುಗಿದು ಸ್ವಂತಿಕೆಯು ಎಲ್ಲಿ ಆರಂಭವಾಗುವುದು? ಈ ಪ್ರಶ್ನೆಗಳಿಗೆ ಎರಡೂವರೆ ಸಾವಿರ ವರ್ಷಗಳಿಂದ ಬೇರೆ ಬೇರೆ ಉತ್ತರಗಳು ಬಂದಿವೆ. ಅವುಗಳನ್ನು ಒಂದೆಡೆ ಕೂಡಿಸಿ, ಯಾವ ಮತವು ಯಾವ ಸಂಗತಿಯನ್ನು ಚೆನ್ನಾಗಿ ವಿವರಿಸುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಪ್ರಶ್ನೆಯು ಬೆಳೆದುಬಂದ ಬಗೆ

ಪ್ರಾಚೀನರಲ್ಲಿ ಈ ವಿಷಯವನ್ನು ನೇರವಾಗಿ ಎತ್ತಿಕೊಂಡವನು ಪ್ಲೇಟೋ. ಅವನ ‘ಅಯಾನ್’ ಸಂವಾದದಲ್ಲಿ ಹೋಮರನ ಕಾವ್ಯವನ್ನು ಹಾಡಿ ಹೇಳುವ ಗಾಯಕನೊಬ್ಬನು ಪಾತ್ರವಾಗಿ ಬರುತ್ತಾನೆ. ಅಯಸ್ಕಾಂತವು ಕಬ್ಬಿಣದ ಒಂದು ಬಳೆಯನ್ನು ಸೆಳೆದು, ಆ ಬಳೆಯು ತಾನೂ ಸೆಳೆತವನ್ನು ಪಡೆದು ಮತ್ತೊಂದನ್ನು ಹಿಡಿಯುವಂತೆ, ಕಲಾದೇವತೆಯಿಂದ ಕವಿಗೂ ಕವಿಯಿಂದ ಗಾಯಕನಿಗೂ ಗಾಯಕನಿಂದ ಶ್ರೋತೃವಿಗೂ ಆವೇಶವು ಹರಿಯುವುದೆಂದು ಅಲ್ಲಿ ಸಾಕ್ರೆಟೀಸನು ವಿವರಿಸುತ್ತಾನೆ. ಶ್ರೋತೃವೇ ಸರಪಳಿಯ ಕೊನೆಯ ಬಳೆಯೆಂಬುದು ಅವನ ಅಭಿಪ್ರಾಯ. ಆ ಕೊನೆಯ ಬಳೆಯೂ ಮುಂದೊಂದನ್ನು ಸೆಳೆಯಬಲ್ಲುದೆ ಎಂಬುದೇ ನಮ್ಮ ಪ್ರಶ್ನೆ. ನಮ್ಮ ಮಹಾಭಾರತವು ಇದನ್ನು ತತ್ತ್ವವಾಗಿ ಹೇಳದೆ ಕಥೆಯಾಗಿ ಹೇಳಿದೆ: ಗುರುವಿನಿಂದ ತಿರಸ್ಕೃತನಾದ ಏಕಲವ್ಯನು ಮಣ್ಣಿನ ಪ್ರತಿಮೆಯನ್ನು ಮುಂದಿಟ್ಟುಕೊಂಡು ಬಿಲ್ವಿದ್ಯೆಯನ್ನು ಸಾಧಿಸಿದನು. ದೂರದ ಆರಾಧನೆಯಿಂದಲೂ ವಿದ್ಯೆಯು ಸಿದ್ಧಿಸಬಹುದೆಂಬುದಕ್ಕೂ, ಅಂಥ ಸಿದ್ಧಿಗೆ ತೆರಬೇಕಾದ ಬೆಲೆಯು ಕ್ರೂರವಾಗಿರಬಹುದೆಂಬುದಕ್ಕೂ ಆ ಕಥೆಯು ಸಾಕ್ಷಿ.

ಗಾಯಕರ ಕೀರ್ತಿಯು ರಾಜಾಸ್ಥಾನ ದೇವಾಲಯಗಳ ಆವರಣವನ್ನು ದಾಟಿ, ಚೀಟಿ ಕೊಂಡು ಒಳಹೊಗುವ ಸಾರ್ವಜನಿಕರ ನಡುವೆ ಹಬ್ಬಿದಂದಿನಿಂದ ಈ ಪ್ರಶ್ನೆಗೆ ಹೊಸ ರೂಪವು ಬಂದಿತು. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಆಪೆರಾ ರಂಗಮಂದಿರಗಳು ಗಾಯಕಿಯರನ್ನು ದೇಶದೇಶಗಳ ಆರಾಧ್ಯದೇವತೆಗಳನ್ನಾಗಿ ಮಾಡಿದವು. ಸ್ವೀಡನ್ನಿನ ಜೆನ್ನಿ ಲಿಂಡಳಲ್ಲಿ ಅನುರಕ್ತನಾದ ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನನು 1843ರಲ್ಲಿ ನೈಟಿಂಗೇಲ್ ಹಕ್ಕಿಯ ಕಥೆಯನ್ನು ಬರೆದನು. ಪೌಲೀನ್ ವಿಯಾರ್ಡೋ ಎಂಬ ತರುಣ ಗಾಯಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಜಾರ್ಜ್ ಸ್ಯಾಂಡಳು ‘ಕನ್ಸ್ವೆಲೋ’ ಎಂಬ ದೊಡ್ಡ ಕಾದಂಬರಿಯನ್ನು ರಚಿಸಿದಳು.

ಮೂರನೆಯ ತಿರುವು ಯಂತ್ರದಿಂದ ಬಂದಿತು. 1902ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಗಾಯನದ ಧ್ವನಿಮುದ್ರಣವು ಆರಂಭವಾದಾಗ ಗೌಹರ್ ಜಾನಳು ಮೂರು ನಿಮಿಷಗಳ ಮಿತಿಯೊಳಗೆ ರಾಗವನ್ನು ಅಡಕಮಾಡಿ ಹಾಡಿ, ಕೊನೆಯಲ್ಲಿ ತನ್ನ ಹೆಸರನ್ನು ಕೂಗಿ ಹೇಳಿದಳು. ಮೈಸೂರು ಅರಮನೆಯ ಆಶ್ರಯದಲ್ಲಿ ತನ್ನ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಈ ಗಾಯಕಿಯ ಕಾಲದಿಂದ ಶರೀರವು ಒಂದೆಡೆಯೂ ಶಾರೀರವು ಸಾವಿರಾರು ಎಡೆಗಳಲ್ಲಿಯೂ ಇರುವುದು ಸಾಧ್ಯವಾಯಿತು. ಗುರುವನ್ನು ಕಾಣದೆ, ಅವನ ಅನುಮತಿಯನ್ನು ಬೇಡದೆ, ಒಂದೇ ತಾನವನ್ನು ನೂರು ಬಾರಿ ಕೇಳುವ ಅವಕಾಶವು ಗ್ರಾಮೊಫೋನು ಇದ್ದ ಅಂಗಡಿಯ ಮುಂದೆ ನಿಂತ ಮಗುವಿಗೂ ಲಭಿಸಿತು. ಬಳಿಕ ಬಂದ ರೇಡಿಯೋ, ಮಾತಿನ ಚಿತ್ರಗಳು ಈ ಅವಕಾಶವನ್ನು ವಿಸ್ತರಿಸಿದುವೇ ಹೊರತು ಅದರ ಸ್ವರೂಪವನ್ನು ಬದಲಿಸಲಿಲ್ಲ.

ಆವೇಶವಾದ

ಮೊದಲನೆಯ ಪಂಥವನ್ನು ಆವೇಶವಾದವೆಂದು ಕರೆಯಬಹುದು. ಪ್ಲೇಟೋವಿನ ಅಯಸ್ಕಾಂತವೇ ಇದರ ಮೂಲ. ಲಾಂಜೈನಸ್ಸನ ಹೆಸರಿನಲ್ಲಿ ಬಂದಿರುವ ಭವ್ಯತೆಯ ಕುರಿತ ಗ್ರೀಕ್ ಗ್ರಂಥವು, ಪೂರ್ವದ ಮಹಾತ್ಮರ ಕೃತಿಗಳಿಂದ ಹೊಮ್ಮುವ ಶಕ್ತಿಯು ಸ್ವಭಾವತಃ ಮಂದರಾದವರನ್ನು ಸಹ ಆವೇಶಿಸಿ ಮೇಲೆತ್ತುವುದೆಂದು ಹೇಳಿ ಇದನ್ನು ಪುಷ್ಟಿಗೊಳಿಸಿತು. ಆರಾಧ್ಯನು ನಮ್ಮ ಶಕ್ತಿಯನ್ನು ಎಬ್ಬಿಸುವುದು ಮಾತ್ರವಲ್ಲ, ಶಕ್ತಿಯನ್ನು ಕೊಡುತ್ತಾನೆಂದೇ ಈ ಪಂಥದವರ ನಂಬಿಕೆ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ರಿಚರ್ಡ್ ವ್ಯಾಗ್ನರನದು. ತಾನು ಹದಿನಾರರ ಹರೆಯದಲ್ಲಿ, 1829ರಲ್ಲಿ, ಲೈಪ್‌ಜಿಗ್ ನಗರದಲ್ಲಿ ವಿಲ್ಹೆಲ್ಮೀನ್ ಶ್ರೋಡರ್ ಡೆವ್ರಿಯೆಂಟಳು ಬೀಥೋವನನ ‘ಫಿಡೇಲಿಯೋ’ದಲ್ಲಿ ಹಾಡಿದುದನ್ನು ಕೇಳಿದೆನೆಂದೂ, ಆ ರಾತ್ರಿಯೇ ಅವಳಿಗೆ ಪತ್ರವನ್ನು ಬರೆದು ತನ್ನ ಜೀವನಕ್ಕೆ ಇಂದು ಅರ್ಥವು ದೊರೆಯಿತೆಂದು ನಿವೇದಿಸಿಕೊಂಡೆನೆಂದೂ ಅವನು ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. 1842ರಿಂದ 1845ರವರೆಗಿನ ಅವಧಿಯಲ್ಲಿ ಡ್ರೆಸ್ಡನ್ನಿನಲ್ಲಿ ಅವನ ಮೂರು ಆಪೆರಾಗಳು ಮೊದಲ ಬಾರಿಗೆ ರಂಗವನ್ನೇರಿದಾಗ ಮೂರರಲ್ಲಿಯೂ ಮುಖ್ಯ ಪಾತ್ರವನ್ನು ಧರಿಸಿದವಳು ಅದೇ ಗಾಯಕಿ. ಆವೇಶವಾದಕ್ಕೆ ಇದಕ್ಕಿಂತ ಸುಂದರವಾದ ಸಮರ್ಥನೆ ಬೇಕಿಲ್ಲವೆಂಬಂತೆ ತೋರಿದರೂ, 1829ರ ಆ ಪ್ರದರ್ಶನಕ್ಕೆ ದಾಖಲೆ ದೊರೆಯದೆ, ಅವನು 1834ರಲ್ಲಿ ಬೆಲ್ಲೀನಿಯ ಆಪೆರಾದಲ್ಲಿ ಅವಳನ್ನು ಕೇಳಿದ ಅನುಭವವನ್ನು ಹಿಂದಕ್ಕೆ ಸರಿಸಿ, ಬೀಥೋವನನ ಹೆಸರಿನೊಡನೆ ಬೆಸೆದಿರಬೇಕೆಂದು ಸಂಶೋಧಕರು ಊಹಿಸುತ್ತಾರೆ. ಸೃಷ್ಟಿಯ ಬೀಜವು ಎಂದು ಬಿದ್ದಿತೆಂಬುದನ್ನು ಸ್ವತಃ ಸೃಷ್ಟಿಕರ್ತನೇ ಆಮೇಲೆ ಸೃಷ್ಟಿಸಿಕೊಳ್ಳಬಲ್ಲನೆಂಬ ಈ ಸಂಗತಿಯು, ಆತ್ಮಕಥೆಗಳನ್ನೇ ಆಧಾರವಾಗಿ ಹಿಡಿದು ನಡೆಯುವ ಎಲ್ಲ ವಾದಗಳಿಗೂ ಎಚ್ಚರಿಕೆಯಾಗಿದೆ.

ವಾಲ್ಟ್ ವಿಟ್ಮನನ ಸಾಕ್ಷ್ಯವು ಇದಕ್ಕಿಂತ ದೃಢವಾದುದು. 1852-53ರಲ್ಲಿ ಮಾರಿಯೆಟ್ಟಾ ಆಲ್ಬೋನಿಯು ನ್ಯೂಯಾರ್ಕಿನಲ್ಲಿ ಹಾಡಿದಷ್ಟು ಸಲವೂ ತಾನು ಹೋಗಿ ಕೇಳಿದುದಾಗಿ ಹೇಳಿದ ಅವನು, ಆಪೆರಾ ಸಂಗೀತವಿಲ್ಲದಿದ್ದರೆ ತನ್ನ 1855ರ ಕವನಸಂಗ್ರಹವೇ ಹುಟ್ಟುತ್ತಿರಲಿಲ್ಲವೆಂದು ಒಪ್ಪಿಕೊಂಡನು. ಪ್ರಾಸಬಂಧವನ್ನು ಕಳಚಿ, ಉಸಿರಿನ ಉದ್ದಕ್ಕೆ ಸಾಲನ್ನು ಹಿಗ್ಗಿಸಿದ ಅವನ ಛಂದಸ್ಸಿನಲ್ಲಿ ಗಾಯಕಿಯ ದೀರ್ಘ ಆಲಾಪದ ನೆರಳನ್ನು ಕಾಣುವವರುಂಟು. ಆದರೆ ಆಗ ಅವನಿಗೆ ಮೂವತ್ತು ದಾಟಿದ್ದಿತು. ಎಳವೆಯಲ್ಲಿಯೇ ಆವೇಶವು ಫಲಿಸಬೇಕೆಂಬ ನಿಯಮವನ್ನು ಅವನು ಮುರಿಯುತ್ತಾನೆ. ಆವೇಶವಾದವು ಮುಹೂರ್ತವನ್ನು ವಿವರಿಸುತ್ತದೆ; ಮುಹೂರ್ತಕ್ಕೂ ಕೃತಿಗೂ ನಡುವಣ ವರ್ಷಗಳನ್ನು ವಿವರಿಸದು.

ಅನುಕರಣವಾದ

ಆ ವರ್ಷಗಳನ್ನು ಹಿಡಿದು ಪರೀಕ್ಷಿಸುವುದು ಎರಡನೆಯ ಪಂಥ. ಮನುಷ್ಯನು ಎಳವೆಯಿಂದಲೇ ಅನುಕರಣದಿಂದ ಕಲಿಯುತ್ತಾನೆಂದು ಅರಿಸ್ಟಾಟಲನು ಹೇಳಿದನು. ನಮ್ಮ ಆಲಂಕಾರಿಕರು ಇದನ್ನು ಇನ್ನಷ್ಟು ಸೂಕ್ಷ್ಮವಾಗಿ ವಿಭಜಿಸಿದರು. ಮಮ್ಮಟನು ಕಾವ್ಯಕ್ಕೆ ಸಹಜಶಕ್ತಿ, ಲೋಕಶಾಸ್ತ್ರಗಳ ಪರಿಚಯದಿಂದ ಬರುವ ನೈಪುಣ್ಯ, ಬಲ್ಲವರ ಬಳಿ ಮಾಡಿದ ಅಭ್ಯಾಸ ಈ ಮೂರೂ ಕೂಡಿ ಒಂದೇ ಕಾರಣವೆಂದನು. ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಉದ್ಯೋತದಲ್ಲಿ ಹಿಂದಿನವರಿಗೂ ಹೊಸಬರಿಗೂ ಇರುವ ಹೋಲಿಕೆಯನ್ನು ಮೂರು ಬಗೆಯಾಗಿ ಎಣಿಸಿದನು: ಕನ್ನಡಿಯಲ್ಲಿಯ ಪ್ರತಿಬಿಂಬದಂತಹುದು, ಚಿತ್ರಪಟದಂತಹುದು, ಒಬ್ಬರಂತೆ ಕಾಣುವ ಇನ್ನೊಬ್ಬ ಮನುಷ್ಯನಂತಹುದು. ಮೊದಲೆರಡಕ್ಕೆ ಸ್ವಂತ ಜೀವವಿಲ್ಲವಾಗಿ ಅವು ತ್ಯಾಜ್ಯ; ಮೂರನೆಯದಕ್ಕೆ ಮುಖ ಹೋಲಿದರೂ ಆತ್ಮವು ಬೇರೆಯಾಗಿರುವುದರಿಂದ ಅದು ಗ್ರಾಹ್ಯ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಕಾವ್ಯವನ್ನು ಕುರಿತು ಆಡಿದ ಈ ಮಾತು ಗಾಯನಕ್ಕೂ ಹೇಳಿಮಾಡಿಸಿದಂತಿದೆ.

1945ರಲ್ಲಿ ‘ಪಹಲೀ ನಜರ್’ ಚಿತ್ರಕ್ಕಾಗಿ ಅನಿಲ್ ವಿಶ್ವಾಸರ ನಿರ್ದೇಶನದಲ್ಲಿ ಹಾಡಿದ ಮುಕೇಶರು, ತಾವು ಆರಾಧಿಸುತ್ತಿದ್ದ ಕುಂದನಲಾಲ್ ಸೈಗಲರ ಶೈಲಿಯನ್ನು ಎಷ್ಟು ನಿಷ್ಠೆಯಿಂದ ಅನುಸರಿಸಿದರೆಂದರೆ, ಕೇಳಿದವರು ಅದನ್ನು ಸೈಗಲರದೇ ಎಂದು ಭ್ರಮಿಸಿದರು. ಅದು ಪ್ರತಿಬಿಂಬ. ಕೆಲವೇ ವರ್ಷಗಳಲ್ಲಿ ಅವರು ಆ ನೆರಳಿನಿಂದ ಹೊರಬಂದು ತಮ್ಮದೇ ಆದ ವಿಷಾದಮಧುರವಾದ ಕಂಠವನ್ನು ಕಂಡುಕೊಂಡುದು ಮೂರನೆಯ ಸ್ಥಿತಿ.

ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಬಾಲಕನ ವಿಷಯವು ಇದಕ್ಕಿಂತಲೂ ವಿಸ್ಮಯಕರ. ಧ್ವನಿಮುದ್ರಿಕೆಗಳಲ್ಲಿ ಕೇಳಿದ ಹಿರಿಯ ಗಾಯಕರ ಹಾಡಿಕೆಯನ್ನು, ಅವರ ಉಸಿರಿನ ತಡೆಗಳ ಸಹಿತವಾಗಿ, ಅವನು ಯಥಾವತ್ತಾಗಿ ಒಪ್ಪಿಸುತ್ತಿದ್ದುದನ್ನು ಕಂಡು ಬೆರಗಾದವರು ಕುಮಾರ ಗಂಧರ್ವನೆಂಬ ಬಿರುದನ್ನಿತ್ತರು. ಮುಂಬಯಿಯಲ್ಲಿ ಬಿ. ಆರ್. ದೇವಧರರ ಶಾಲೆಯನ್ನು ಸೇರಿದ ಮೇಲೆ, ಹಾಡುವ ಮುನ್ನ ವಿಚಾರಮಾಡುವುದನ್ನು ಅವನು ಕಲಿತನು. ಕ್ಷಯರೋಗವು ಹಲವು ವರ್ಷ ಕಂಠವನ್ನು ಕಟ್ಟಿಹಾಕಿದ ಕಾಲದಲ್ಲಿ, ದೇವಾಸದ ಮನೆಯಲ್ಲಿ ಮಲಗಿ ಮಾಳವದ ಜಾನಪದ ಗೀತೆಗಳಿಗೆ ಕಿವಿಗೊಟ್ಟು, ಅವುಗಳ ಧಾಟಿಗಳಿಂದ ಹೊಸ ರಾಗಗಳನ್ನೇ ರೂಪಿಸಿದರು. ಅಷ್ಟಾದ ಮೇಲೆ ಅವರು ಮರಾಠಿ ರಂಗಭೂಮಿಯ ಬಾಲಗಂಧರ್ವರ ಪದಗಳನ್ನು ಎತ್ತಿಕೊಂಡು, ತಾನು ಅರ್ಥಮಾಡಿಕೊಂಡ ಬಾಲಗಂಧರ್ವನೆಂಬ ಅರ್ಥದ ಶೀರ್ಷಿಕೆಯಲ್ಲಿ ಹಾಡಿದಾಗ, ಹಳೆಯ ಅಭಿಮಾನವು ಅಲ್ಲಿ ಕೈಬಿಟ್ಟುಹೋಗಿರಲಿಲ್ಲ, ಪಕ್ವವಾಗಿದ್ದಿತು.

ಅನುಕರಣವಾದವು ಶಿಕ್ಷಣದ ಕ್ರಮವನ್ನು ಚೆನ್ನಾಗಿ ವಿವರಿಸುತ್ತದೆ. ಆದರೆ ಜೀವನವೆಲ್ಲ ಪ್ರತಿಬಿಂಬವಾಗಿಯೇ ಉಳಿಯುವ ಅಸಂಖ್ಯ ಅನುಕರಣಕಾರರಿಗೂ, ಹೊರಬಂದ ಈ ಕೆಲವರಿಗೂ ಇರುವ ವ್ಯತ್ಯಾಸವನ್ನು ಹೇಳಬೇಕಾದಾಗ ಅದು ಮತ್ತೆ ಪ್ರತಿಭೆಯೆಂಬ ತತ್ತ್ವಕ್ಕೇ ಶರಣಾಗುತ್ತದೆ.

ಮನಶ್ಶಾಸ್ತ್ರಜ್ಞರ ಮತ

ಮೂರನೆಯ ಪಂಥವು ಆರಾಧಕನ ಅಂತರಂಗವನ್ನು ಶೋಧಿಸುತ್ತದೆ. ಪ್ರೇಮಿಯು ಪ್ರಿಯವ್ಯಕ್ತಿಯ ಸುತ್ತ ತನ್ನ ಕಲ್ಪನೆಯ ಹರಳುಗಳನ್ನು ಬೆಳೆಸುತ್ತಾನೆಂದು ಸ್ಟೆಂಡಾಲನು 1822ರಲ್ಲಿ ಹೇಳಿದನು. ಗಾಯಕನ ಅಥವಾ ಪಿಯಾನೋವಾದಕನ ಸುತ್ತ ಮುತ್ತುವ ತರುಣಿಯರ ಗುಂಪನ್ನು ಫ್ರಾಯ್ಡನು 1921ರ ತನ್ನ ಗ್ರಂಥದಲ್ಲಿ ಎತ್ತಿಕೊಂಡು, ಪರಸ್ಪರ ಮತ್ಸರಿಸಬೇಕಾಗಿದ್ದವರು ಒಂದೇ ವ್ಯಕ್ತಿಯ ಮೇಲಣ ಪ್ರೀತಿಯಿಂದ ತಮ್ಮತಮ್ಮೊಳಗೆ ಏಕೀಭವಿಸುತ್ತಾರೆಂದು ವಿವರಿಸಿದನು. 1956ರಲ್ಲಿ ಹಾರ್ಟನ್ ಮತ್ತು ವೋಲ್ ಎಂಬ ಅಮೆರಿಕದ ವಿದ್ವಾಂಸರು, ರೇಡಿಯೋ ಟೆಲಿವಿಷನ್ನುಗಳು ಪ್ರೇಕ್ಷಕನಲ್ಲಿ ಕಲಾವಿದನೊಡನೆ ಮುಖಾಮುಖಿಯಾಗಿ ಬೆರೆಯುತ್ತಿರುವಂತಹ ಏಕಪಕ್ಷದ ಸ್ನೇಹವನ್ನು ಹುಟ್ಟಿಸುವುದನ್ನು ನಿರೂಪಿಸಿದರು.

ಈ ಮತದ ಸಾರವನ್ನು ಹೀಗೆ ಸಂಗ್ರಹಿಸಬಹುದು: ಕಂಠವು ಹತ್ತಿರದಲ್ಲಿದ್ದು, ವ್ಯಕ್ತಿಯು ಕೈಗೆ ಸಿಗದಿರುವುದರಿಂದ ಅಂತರವೊಂದು ಉಂಟಾಗುತ್ತದೆ, ಆ ಅಂತರವನ್ನು ತುಂಬಲು ಮನಸ್ಸು ಕಲ್ಪನೆಯನ್ನು ದುಡಿಸುತ್ತದೆ, ದುಡಿದ ಕಲ್ಪನೆಯು ಹಗಲುಗನಸಾಗಿಯೇ ಉಳಿಯಬಹುದು, ಕೃತಿಯಾಗಿಯೂ ಮೂಡಬಹುದು. ಬಾಲ್ಯದಲ್ಲಿ ಸೈಗಲರನ್ನು ಆರಾಧಿಸುತ್ತಿದ್ದ ಲತಾ ಮಂಗೇಶಕರರು ತಾವು ಸಂಪಾದಿಸಿದ ಹಣದಿಂದ ಮೊದಲ ರೇಡಿಯೋವನ್ನು ಕೊಂಡು ತಂದು ತಿರುಗಿಸಿದಾಗ, 1947ರ ಜನವರಿಯಲ್ಲಿ, ಸೈಗಲರ ಮರಣವಾರ್ತೆಯನ್ನೇ ಕೇಳಿ ಆ ಪೆಟ್ಟಿಗೆಯನ್ನು ಹಿಂದಿರುಗಿಸಿದರೆಂಬ ಪ್ರಸಿದ್ಧ ಪ್ರಸಂಗವು, ಎಂದೂ ಭೇಟಿಯಾಗದ ವ್ಯಕ್ತಿಯೊಡನೆ ಹೃದಯವು ಎಷ್ಟು ನಿಜವಾದ ಬಾಂಧವ್ಯವನ್ನು ಬೆಳೆಸಬಲ್ಲುದೆಂಬುದನ್ನು ತೋರಿಸುತ್ತದೆ.

ಇದೇ ನ್ಯಾಯವು ಮಾಧ್ಯಮವನ್ನು ಬದಲಿಸಿ ಸೃಷ್ಟಿಸಿದವರಿಗೂ ಅನ್ವಯಿಸುತ್ತದೆ. 1843ರಲ್ಲಿ, ಇಪ್ಪತ್ತೈದನೆಯ ವಯಸ್ಸಿನ ತುರ್ಗೆನೆವನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ವಿಯಾರ್ಡೋಳ ಗಾಯನವನ್ನು ಕೇಳಿ ಮರುಳಾಗಿ, ಜೀವನದ ಬಹುಭಾಗವನ್ನು ಅವಳ ಕುಟುಂಬದ ನೆರೆಯಲ್ಲಿಯೇ ಕಳೆದನು. ಆದರೆ ಹಾಡಿನ ಕುರಿತು ಅವನು ಬರೆದ ಅತ್ಯುತ್ತಮ ಕಥೆಯಾದ, 1850ರ ‘ಗಾಯಕರು’ ಎಂಬುದರಲ್ಲಿ ಆಪೆರಾ ಇಲ್ಲ, ಗಾಯಕಿಯಿಲ್ಲ; ರಷ್ಯದ ಒಂದು ಬಡಹಳ್ಳಿಯ ಹೆಂಡದಂಗಡಿಯಲ್ಲಿ, ಸುಡುಬಿಸಿಲಿನ ದಿನದಲ್ಲಿ, ಇಬ್ಬರು ಸಾಮಾನ್ಯರು ಪಂತಕಟ್ಟಿ ಹಾಡುತ್ತಾರೆ. ಮೊದಲನೆಯವನು ಚಮತ್ಕಾರದಿಂದ ಎಲ್ಲರನ್ನೂ ಸೆಳೆಯುತ್ತಾನೆ. ಎರಡನೆಯವನಾದ ಯಾಕೋವನು ನಡುಗುವ ದನಿಯಲ್ಲಿ ಆರಂಭಿಸಿ ಕುಳಿತವರ ಕಣ್ಣಲ್ಲಿ ನೀರನ್ನು ತರಿಸುತ್ತಾನೆ. ವಿಯಾರ್ಡೋಳಿಂದ ಹಾಡನ್ನು ಕೇಳುವ ಬಗೆಯನ್ನು ಕಲಿತ ಕಿವಿಯೇ ತನ್ನ ನಾಡಿನ ಯಾಕೋವನನ್ನು ಗುರುತಿಸಿತೆಂದು ನನಗೆ ತೋರುತ್ತದೆ. ಕನ್ನಡದಲ್ಲಿ ಸಂಗೀತಾಭಿಮಾನಿಯಾದ ಅ. ನ. ಕೃಷ್ಣರಾಯರು ‘ಸಂಧ್ಯಾರಾಗ’ದಲ್ಲಿ ಗಾಯಕನನ್ನು ನಾಯಕನಾಗಿಸಿ ಕಾದಂಬರಿಯನ್ನು ಕಟ್ಟಿದುದೂ ಇದೇ ಜಾತಿಯ ಸೃಷ್ಟಿ, 1966ರಲ್ಲಿ ಆ ಕಥೆಯು ಚಲನಚಿತ್ರವಾದಾಗ ಭೀಮಸೇನ ಜೋಶಿಯವರೇ ಅದಕ್ಕೆ ಹಾಡಿದರು.

ಈ ಪಂಥದ ಕೊರತೆಯೆಂದರೆ, ಅದು ಎಲ್ಲ ಅಭಿಮಾನವನ್ನೂ ಒಂದೇ ಬಗೆಯ ಅತೃಪ್ತಿಯನ್ನಾಗಿ ಕಾಣುತ್ತದೆ. ಸಂಗೀತದ ಗುಣವು ಈ ವಿವರಣೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಶ್ರೇಷ್ಠ ಗಾಯಕನೂ ಸಾಮಾನ್ಯ ಗಾಯಕನೂ ಅದಕ್ಕೆ ಒಂದೇ.

ಸ್ಪರ್ಧೆಯ ಮತ

ಆರಾಧನೆಯೊಳಗೆ ಸ್ಪರ್ಧೆಯು ಅಡಗಿರುವುದೆಂದು ನಾಲ್ಕನೆಯ ಪಂಥದವರು ಹೇಳುತ್ತಾರೆ. ಹೆರಾಲ್ಡ್ ಬ್ಲೂಮ್ 1973ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಮರ್ಥನಾದ ಪ್ರತಿಯೊಬ್ಬ ಕವಿಯೂ ತನ್ನ ಪೂರ್ವಸೂರಿಯ ಭಾರದಿಂದ ತತ್ತರಿಸಿ, ಅವನನ್ನು ಬೇಕೆಂದೇ ತಪ್ಪಾಗಿ ಓದಿ, ತನಗೆ ಎಡೆಮಾಡಿಕೊಳ್ಳುವನೆಂದು ವಾದಿಸಿದರು. ಕವಿಗಳಿಗಾಗಿ ಹುಟ್ಟಿದ ಈ ವಾದವನ್ನು ಗಾಯಕರ ಅಭಿಮಾನಿಗಳಿಗೆ ಹಚ್ಚಿ ನೋಡಿದರೆ ಅರ್ಧ ಹೊಂದುತ್ತದೆ, ಅರ್ಧ ಹೊಂದದು.

ಅಮೆರಿಕದ ಬಾಬ್ ಡಿಲನ್ 1961ರ ಆರಂಭದಲ್ಲಿ, ಹತ್ತೊಂಬತ್ತು ವರ್ಷದ ತರುಣನಾಗಿ, ನ್ಯೂಯಾರ್ಕಿಗೆ ಬಂದುದರ ಒಂದು ಮುಖ್ಯ ಉದ್ದೇಶವು, ನರಗಳನ್ನು ಕ್ಷಯಿಸುವ ಅಸಾಧ್ಯರೋಗದಿಂದ ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ ಮಲಗಿದ್ದ ವುಡಿ ಗತ್ರಿಯನ್ನು ಕಾಣುವುದಾಗಿದ್ದಿತು. ಮಾತು ಕುಂದಿ ಕೈಗಳು ಹತೋಟಿ ತಪ್ಪಿದ್ದ ಆ ಜನಪದ ಗಾಯಕನ ಮುಂದೆ ಕುಳಿತು ತರುಣನು ಅವನದೇ ಹಾಡುಗಳನ್ನು ಹಾಡಿದನು. 1962ರ ಅವನ ಮೊದಲ ಧ್ವನಿಮುದ್ರಿಕೆಯಲ್ಲಿದ್ದ ಸ್ವಂತ ರಚನೆಗಳು ಎರಡೇ. ಅವುಗಳಲ್ಲೊಂದು ಗತ್ರಿಗೆ ಸಲ್ಲಿಸಿದ ಕಾಣಿಕೆ. ಅದರ ಧಾಟಿಯಾದರೋ ಗತ್ರಿಯ ಹಾಡೊಂದರಿಂದಲೇ ಎತ್ತಿಕೊಂಡುದು. ಇಲ್ಲಿ ಋಣವನ್ನು ಮರೆಸುವ ಪ್ರಯತ್ನವಿಲ್ಲ. ಗುರುವಿನ ರಾಗದಲ್ಲಿಯೇ ಗುರುವನ್ನು ಸಂಬೋಧಿಸುವ ವಿನಯವಿದೆ. ಆದರೆ ಮೂರು ನಾಲ್ಕು ವರ್ಷಗಳಲ್ಲಿ ಆ ತರುಣನು ಗತ್ರಿಯ ದಾರಿಯನ್ನು ತೊರೆದು, ಹಳೆಯ ಅಭಿಮಾನಿಗಳ ಕೋಪಕ್ಕೆ ತುತ್ತಾಗಿಯೂ ವಿದ್ಯುತ್ ಗಿಟಾರನ್ನು ಹಿಡಿದುದು ಬ್ಲೂಮರ ಮಾತಿಗೆ ಬೆಂಬಲವಾಗುತ್ತದೆ. ಸ್ಪರ್ಧೆಯ ಮತವು ಬಿಡುಗಡೆಯನ್ನು ವಿವರಿಸುತ್ತದೆ. ಬಿಡುಗಡೆಯ ಮುನ್ನ ಇದ್ದ, ಕೆಲವರಲ್ಲಿ ಕೊನೆಯವರೆಗೂ ಉಳಿಯುವ, ಕೃತಜ್ಞತೆಯನ್ನು ಅದು ಕಾಣದು.

ಸಮಾಜದ ಕಡೆಯಿಂದ ನೋಡುವವರು

ಐದನೆಯ ಪಂಥಕ್ಕೆ ವ್ಯಕ್ತಿಗಿಂತ ಸನ್ನಿವೇಶವೇ ಮುಖ್ಯ. ಇವರೊಳಗೆ ಎರಡು ಪಕ್ಷಗಳಿವೆ. 1938ರ ತನ್ನ ಪ್ರಬಂಧದಲ್ಲಿ ಜರ್ಮನಿಯ ತತ್ತ್ವಜ್ಞನಾದ ಅಡೋರ್ನೊ, ಪ್ರಸಿದ್ಧ ಕಂಠವು ಮಾರುಕಟ್ಟೆಯ ಸರಕಾಗಿ, ಶ್ರೋತೃವು ಸಂಗೀತವನ್ನು ಕೇಳುವುದನ್ನು ಬಿಟ್ಟು ಕೀರ್ತಿಯನ್ನೇ ಪೂಜಿಸುತ್ತಾನೆಂದೂ ಅವನ ಶ್ರವಣಶಕ್ತಿಯು ಬಾಲಿಶಾವಸ್ಥೆಗೆ ಮರಳುವುದೆಂದೂ ಕಟುವಾಗಿ ಖಂಡಿಸಿದನು. ಇದಕ್ಕೆ ಪ್ರತಿಯಾಗಿ ಹೆನ್ರಿ ಜೆಂಕಿನ್ಸ್ ಮೊದಲಾದವರು 1990ರ ದಶಕದಿಂದ, ಅಭಿಮಾನಿಗಳು ತಮಗೆ ದೊರೆತುದನ್ನು ಸುಮ್ಮನೆ ನುಂಗುವವರಲ್ಲ, ಅದರಿಂದ ಕಥೆ, ಚಿತ್ರ, ಹಾಡುಗಳನ್ನು ಕಟ್ಟಿ ಹಂಚಿಕೊಳ್ಳುವವರು ಎಂದು ಪ್ರತಿಪಾದಿಸಿದರು. ಅಡೋರ್ನೊ ಹೇಳಿದುದು ಬಹುಸಂಖ್ಯಾತರ ವಿಷಯದಲ್ಲಿ ನಿಜವಿರಬಹುದು. ಸೃಷ್ಟಿಯು ಎಲ್ಲಿಂದ ಬರುವುದೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಉತ್ತರ ಕರ್ನಾಟಕದ ಚರಿತ್ರೆಯು ಈ ಪಂಥಕ್ಕೆ ಅಮೂಲ್ಯವಾದ ಸಾಮಗ್ರಿಯನ್ನೊದಗಿಸುತ್ತದೆ. ಕಿರಾಣಾ ಘರಾಣೆಯೆಂಬ ಗಾಯನಪರಂಪರೆಯ ಅಬ್ದುಲ್ ಕರೀಮ್ ಖಾನರು ಧಾರವಾಡ ಹುಬ್ಬಳ್ಳಿಗಳಿಗೆ ಮತ್ತೆಮತ್ತೆ ಬರುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರೆನಿಸಿದರು. ಹೀಗಾಗಿ ಮುದ್ರಿಕೆಯ ಕಂಠಕ್ಕೆ ಮರುಳಾದ ಮಗುವು ಆ ಕಂಠದ ವಿದ್ಯೆಯನ್ನು ಬಲ್ಲ ಗುರುವನ್ನು ಹತ್ತಿರದ ಊರಿನಲ್ಲಿಯೇ ಪಡೆಯುವುದು ಇಲ್ಲಿ ಶಕ್ಯವಾಗಿದ್ದಿತು. ಭೀಮಸೇನರು ಗ್ವಾಲಿಯರ್, ಕಲ್ಕತ್ತೆಗಳನ್ನೆಲ್ಲ ಸುತ್ತಿ ಜಾಲಂಧರವನ್ನು ಸೇರಿದಾಗ, ಅಲ್ಲಿಗೆ ಬಂದಿದ್ದ ಗಾಯಕ ವಿನಾಯಕರಾವ್ ಪಟವರ್ಧನರು ನಿನ್ನೂರಿನ ಬಳಿಯಲ್ಲೇ ಇರುವ ಸವಾಯಿ ಗಂಧರ್ವರನ್ನು ಬಿಟ್ಟು ಇಲ್ಲಿಗೇಕೆ ಬಂದೆಯೆಂಬ ಅರ್ಥದಲ್ಲಿ ಬುದ್ಧಿ ಹೇಳಿದರಂತೆ. 1936ರಲ್ಲಿ ಕುಂದಗೋಳವನ್ನು ಸೇರಿದ ಆ ಹುಡುಗನಿಗೆ ಮೊದಲು ದೊರೆತುದು ನೀರು ಹೊರುವ ಕೆಲಸ. ಆಮೇಲೆ ದೊರೆತುದು ತೋಡಿ, ಮುಲತಾನಿ, ಪೂರಿಯಾ ಎಂಬ ಕೆಲವೇ ರಾಗಗಳಲ್ಲಿ ವರ್ಷಗಟ್ಟಲೆ ಸ್ವರವನ್ನು ತಿದ್ದುವ ಶಿಕ್ಷೆ. ಅವನು ಆರಾಧಿಸಿದ ಖಾನರು 1937ರಲ್ಲಿಯೇ ತೀರಿಕೊಂಡರು. ಅವರ ಮುಂದೆ ಕುಳಿತು ಕಲಿಯುವ ಭಾಗ್ಯವು ಅವನಿಗೆ ಬರಲಿಲ್ಲ.

ಗಂಗೂಬಾಯಿ ಹಾನಗಲ್ಲರ ಪ್ರಸಂಗವು ಇದೇ ಸನ್ನಿವೇಶದ ಇನ್ನೊಂದು ಮುಖ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನಿಷ್ಣಾತರಾಗಿದ್ದರೂ ಮಗಳು ಗ್ರಾಮೊಫೋನಿನ ಹಿಂದುಸ್ತಾನಿ ಗಾಯನಕ್ಕೆ ಓಡಿಹೋಗಿ ನಿಲ್ಲುತ್ತಿದ್ದಳು. ಮುಂದೆ ಸವಾಯಿ ಗಂಧರ್ವರ ಬಳಿ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದಳು. ಹಾಡುವ ಹೆಣ್ಣನ್ನು ಸಮಾಜವು ಹಳಿಯುತ್ತಿದ್ದ ಕಾಲವದು. ಮೆರವಣಿಗೆಯ ವಾದ್ಯದ ಹಿಂದೆ ಹೋಗಿ ಎಲ್ಲೆಂದರಲ್ಲಿ ನಿದ್ರೆಹೋಗುತ್ತಿದ್ದ ಭೀಮಸೇನನ ಅಂಗಿಯ ಮೇಲೆ, ಕಂಡವರು ಮನೆಗೆ ತಲುಪಿಸಲೆಂದು, ಜೋಶಿ ಮಾಸ್ತರರ ಮಗನೆಂದು ತಂದೆಯು ಬರೆಯಿಸಿದ್ದರೆಂದು ಹೇಳುತ್ತಾರೆ. ಅಂಥ ಅಲೆದಾಟದ ಸ್ವಾತಂತ್ರ್ಯವು ಅಂದಿನ ಹೆಣ್ಣುಮಗುವಿಗೆ ಎಲ್ಲಿಯದು? ಆರಾಧನೆಯು ಇಬ್ಬರಲ್ಲಿಯೂ ಸಮಾನವಾಗಿದ್ದರೂ ಅದು ಕೃತಿಯಾಗಲು ಹೆಣ್ಣು ತೆತ್ತ ಬೆಲೆಯು ಹೆಚ್ಚಿನದೆಂಬುದನ್ನು ಸಮಾಜಪಂಥವಲ್ಲದೆ ಬೇರೆ ಯಾವುದೂ ಕಾಣಿಸಿಕೊಡುವುದಿಲ್ಲ. ಆದರೆ ಅದೇ ಸನ್ನಿವೇಶದಲ್ಲಿ ಬೆಳೆದ ಸಾವಿರಾರು ಜನರಲ್ಲಿ ಇವರೇ ಏಕೆ ಎಂಬುದಕ್ಕೆ ಈ ಪಂಥವು ನಿರುತ್ತರ.

ಮತಗಳನ್ನು ಕೂಡಿಸಿ ನೋಡಿದಾಗ

ಈ ಐದು ಮತಗಳು ಒಂದನ್ನೊಂದು ಅಲ್ಲಗಳೆಯುವುದಕ್ಕಿಂತ ಹೆಚ್ಚಾಗಿ ಒಂದೇ ಪಯಣದ ಬೇರೆ ಬೇರೆ ಘಟ್ಟಗಳನ್ನು ಹಿಡಿದು ನಿಂತಿವೆ. ಮೊದಲ ಕ್ಷಣವನ್ನು ಆವೇಶವಾದವೂ, ಹಂಬಲವು ಉಳಿದು ಬೆಳೆಯುವುದನ್ನು ಮನಶ್ಶಾಸ್ತ್ರವೂ, ಕಲಿಕೆಯ ಕಾಲವನ್ನು ಅನುಕರಣವಾದವೂ, ಹೊರಬರುವುದನ್ನು ಸ್ಪರ್ಧೆಯ ಮತವೂ, ಇವೆಲ್ಲವೂ ಯಾರಿಗೆ ಶಕ್ಯವಾಗುವುದೆಂಬುದನ್ನು ಸಮಾಜಪಂಥವೂ ಬೆಳಗುತ್ತವೆ. ಮೇಲೆ ಕಂಡ ಎಲ್ಲರ ಚರಿತ್ರೆಯಿಂದಲೂ ನನಗೆ ಮನವರಿಕೆಯಾಗುವುದು ಒಂದೇ ಮಾತು: ಆರಾಧನೆಯು ಸಂಕಲ್ಪವನ್ನು ಕೊಡುತ್ತದೆ, ಸಾಮಗ್ರಿಯನ್ನು ಕೊಡದು. ಭೀಮಸೇನರಿಗೆ ಸಾಮಗ್ರಿಯು ಕುಂದಗೋಳದ ಸಾಧನೆಯಿಂದಲೂ, ಕುಮಾರ ಗಂಧರ್ವರಿಗೆ ಮಾಳವದ ಜನಪದದಿಂದಲೂ, ತುರ್ಗೆನೆವನಿಗೆ ರಷ್ಯದ ಹಳ್ಳಿಯಿಂದಲೂ ಬಂದಿತು. ಸಂಕಲ್ಪವನ್ನು ಆರಾಧ್ಯನಿಂದ ಪಡೆದು, ಸಾಮಗ್ರಿಯನ್ನು ತನ್ನ ನೆಲದಿಂದಲೂ ತನ್ನ ದುಡಿಮೆಯಿಂದಲೂ ತಂದವನಲ್ಲಿ ಅಭಿಮಾನವು ಸೃಷ್ಟಿಯಾಗುತ್ತದೆ. ಎರಡನ್ನೂ ಆರಾಧ್ಯನಿಂದಲೇ ನಿರೀಕ್ಷಿಸಿದವನು ಪ್ರತಿಬಿಂಬವಾಗಿ ಉಳಿಯುತ್ತಾನೆ.

ಇನ್ನೂ ಇತ್ಯರ್ಥವಾಗದವು

ಹೀಗೆ ಹೇಳಿದ ಮಾತ್ರಕ್ಕೆ ಪ್ರಶ್ನೆಯು ಮುಗಿಯಲಿಲ್ಲ. ಕಾರಣವೋ ನಿಮಿತ್ತವೋ ಎಂಬ ಮೊದಲ ಸಂದೇಹವು ಹಾಗೆಯೇ ಉಳಿದಿದೆ. ಆ ಠುಮರಿಯನ್ನು ಕೇಳದಿದ್ದರೆ ಭೀಮಸೇನರು ಬೇರೊಂದನ್ನು ಕೇಳಿ ಹೊರಡುತ್ತಿದ್ದರೇ ಎಂಬುದನ್ನು ಯಾವ ಪ್ರಯೋಗದಿಂದಲೂ ನಿರ್ಣಯಿಸಲಾಗದು. ನಮ್ಮ ಸಾಕ್ಷಿಗಳೆಲ್ಲರೂ ಗೆದ್ದವರೇ ಆಗಿರುವುದು ಎರಡನೆಯ ತೊಡಕು: ಮನೆಬಿಟ್ಟು ಹೋಗಿ ಗುರು ದೊರೆಯದೆ ಬರಿಗೈಯಲ್ಲಿ ಮರಳಿದವರು ಆತ್ಮಕಥೆಗಳನ್ನು ಬರೆಯಲಿಲ್ಲ. ಗೆದ್ದವರ ನೆನಪುಗಳೂ ಎಷ್ಟು ನಂಬಲರ್ಹವೆಂಬುದನ್ನು ವ್ಯಾಗ್ನರನ ಪ್ರಸಂಗವು ಸಂಶಯಕ್ಕೊಡ್ಡಿದೆ. ಎಳವೆಗೆ ವಿಶೇಷವಾದ ಗ್ರಹಣಶಕ್ತಿಯಿದೆಯೋ, ಅಥವಾ ವಿಟ್ಮನನಂತೆ ಯಾವ ವಯಸ್ಸಿನಲ್ಲಿಯೂ ಇದು ಸಂಭವವೋ ಎಂಬುದು ಮೂರನೆಯದು. ಕೊನೆಯದಾಗಿ, ಹಿಂದಿನವರಿಗೆ ಕಂಠವು ವಿರಳವಾಗಿ ಸಿಗುತ್ತಿದ್ದಿತು, ಗಾಯಕನ ಖಾಸಗಿ ಜೀವನವು ಕಾಣುತ್ತಲೇ ಇರಲಿಲ್ಲ. ಇಂದು ಎರಡೂ ಹಗಲಿರುಳು ಅಂಗೈಯಲ್ಲಿವೆ. ಕಲ್ಪನೆಗೆ ಬೇಕಾದ ಅಂತರವು ಈ ಸಮೃದ್ಧಿಯಲ್ಲಿ ಉಳಿಯುವುದೋ ಅಳಿಯುವುದೋ ಎಂಬುದನ್ನು ಹೇಳಲು ಇನ್ನೊಂದು ತಲೆಮಾರಾದರೂ ಕಳೆಯಬೇಕು.

ಈ ಸಂದೇಹಗಳು ಪರಿಹಾರವಾಗುವವರೆಗೆ ಹಿರಿಯರಾದವರು ಕಾಯಬೇಕಾಗಿಲ್ಲ. ಮನೆಯ ಮಗನೋ ಮಗಳೋ ಒಬ್ಬ ಗಾಯಕನ ದನಿಗೆ ಮನಸೋತು ಹಗಲಿರುಳೂ ಅದನ್ನೇ ಗುನುಗುತ್ತಿದ್ದರೆ, ಅದನ್ನು ಹುಚ್ಚೆಂದು ಹಂಗಿಸುವುದೂ ಬೇಡ, ಮಗುವು ಮಹಾಕಲಾವಿದನಾದನೆಂದು ಮೆರೆಸುವುದೂ ಬೇಡ. ಆ ಹಂಬಲಕ್ಕೆ ಒಂದು ದುಡಿಮೆಯನ್ನು ಒದಗಿಸಿರಿ: ಒಳ್ಳೆಯ ಗುರುವನ್ನು ಹುಡುಕಿಕೊಡಿರಿ, ಒಂದು ತಂಬೂರಿಯನ್ನೋ ಬರೆಯುವ ಪುಸ್ತಕವನ್ನೋ ಕೈಗಿಡಿರಿ, ಹೆಣ್ಣುಮಗುವಾದರೆ ಹೋಗಿಬರುವ ದಾರಿಯನ್ನು ತೆರೆದುಕೊಡಿರಿ. ಅಭಿಮಾನವನ್ನು ಹುಟ್ಟಿಸುವುದು ಯಾರ ಕೈಯಲ್ಲಿಯೂ ಇಲ್ಲ; ಹುಟ್ಟಿದ ಅಭಿಮಾನಕ್ಕೆ ಕೆಲಸವನ್ನು ಕೊಡುವುದು ನಮ್ಮ ಕೈಯಲ್ಲಿದೆ.